ರೊಟ್ಟಿ ಬಡಿಯುವ ಮನೆಗೆ ಯಾವ ಕುಕ್ಕರ್?

ಕುಕ್ಕರ್ ಕೊಳ್ಳುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅನ್ನವನ್ನೇ ನಡುವೆ ಇಟ್ಟುಕೊಂಡಿರುತ್ತವೆ. ಎಷ್ಟು ಅಕ್ಕಿ ಬೇಯುತ್ತದೆ, ಒಂದರ ಮೇಲೊಂದು ಎಷ್ಟು ಡಬ್ಬಿ ಕೂರುತ್ತವೆ ಎಂಬಲ್ಲಿಂದ ಅವುಗಳ ಲೆಕ್ಕ ಶುರುವಾಗುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಅಡುಗೆಮನೆಗೆ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ಊಟ ಶುರುವಾಗುವುದು ರೊಟ್ಟಿ ಅಥವಾ ಚಪಾತಿಯಿಂದ. ಅದರ ಮಗ್ಗುಲಿಗೆ ಒಂದು ಕಾಳುಪಲ್ಲೆ, ಒಂದು ತೊಪ್ಪಲಪಲ್ಲೆ, ಶೇಂಗಾ ಚಟ್ನಿ, ಮೊಸರು. ಅನ್ನ-ಸಾರು ಬರುವುದು ಕೊನೆಗೆ, ಅದೂ ಒಂದೆರಡು ಹಿಡಿ. ರೊಟ್ಟಿಯನ್ನು ಯಾವ ಕುಕ್ಕರೂ ಮಾಡಿಕೊಡುವುದಿಲ್ಲ. ಅದಕ್ಕೆ ಹಂಚು ಬೇಕು, ದೊಡ್ಡ ಉರಿ ಬೇಕು, ಎರಡೂ ಕೈ ಬೇಕು. ಹತ್ತು ಹನ್ನೆರಡು ರೊಟ್ಟಿ ಬಡಿದು ಬೇಯಿಸಿ ತೆಗೆಯಲು ಮುಕ್ಕಾಲು ತಾಸಿನಷ್ಟು ಹಿಡಿಯುತ್ತದೆ, ಮತ್ತು ಅಷ್ಟು ಹೊತ್ತು ಎರಡು ಒಲೆಗಳ ಪೈಕಿ ಒಂದು ಹಂಚಿನ ಪಾಲಾಗಿರುತ್ತದೆ.

ಹೀಗಾಗಿ ನಮ್ಮ ಮನೆಗಳಲ್ಲಿ ಕುಕ್ಕರಿನ ಕೆಲಸ ಬಹಳ ಸ್ಪಷ್ಟವಾದದ್ದು. ಕೈಯೆಲ್ಲ ಜೋಳದ ಹಿಟ್ಟಾಗಿರುವ ಆ ಮುಕ್ಕಾಲು ತಾಸಿನಲ್ಲಿ, ಉಳಿದ ಒಂದೇ ಒಲೆಯ ಮೇಲೆ, ಪದೇ ಪದೇ ನಮ್ಮನ್ನು ಕರೆಯದೆ ಕಾಳು ಮತ್ತು ಬೇಳೆಯನ್ನು ಬೇಯಿಸಿ ಮುಗಿಸುವುದು ಅದರ ಕೆಲಸ. ಬೆಳಿಗ್ಗೆ ಎಂಟು ಗಂಟೆಗೆ ಬುತ್ತಿ ಕಟ್ಟಬೇಕಾದ ಮನೆಯಲ್ಲಿ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಕುಕ್ಕರನ್ನು ಕಾಳಿನ ಲೆಕ್ಕದಿಂದ ಆರಿಸಬೇಕು, ಅಕ್ಕಿಯ ಲೆಕ್ಕದಿಂದಲ್ಲ ಎಂಬುದು ಇಪ್ಪತ್ತು ವರ್ಷಗಳಿಂದ ಎರಡು ಒಲೆಯ ಮುಂದೆ ನಿಂತ ನನ್ನ ಅಭಿಪ್ರಾಯ. ಅಳತೆ, ಮುಚ್ಚಳ, ಲೋಹ, ಒಲೆ ಎಂಬ ನಾಲ್ಕು ಆಯ್ಕೆಗಳನ್ನೂ ಇಲ್ಲಿ ಅದೇ ಲೆಕ್ಕದಿಂದ ಹೋಲಿಸಿದ್ದೇನೆ.

ಒತ್ತಡದಿಂದ ಆಗುವುದೇನು

ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಆಸುಪಾಸಿನ ಎತ್ತರದಲ್ಲಿರುವ ಹುಬ್ಬಳ್ಳಿ-ಧಾರವಾಡದಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಎಷ್ಟೇ ಉರಿ ಹಾಕಿದರೂ ಅದು ಅದಕ್ಕಿಂತ ಬಿಸಿಯಾಗುವುದಿಲ್ಲ. ಹೆಚ್ಚಿನ ಉರಿಯೆಲ್ಲ ಹಬೆಯಾಗಿ ಹೋಗುತ್ತದೆ. ನಮ್ಮ ದೇಶದ ಒಲೆಯ ಕುಕ್ಕರುಗಳ ತೂಕದ ಸೀಟಿಯನ್ನು ಸಾಮಾನ್ಯವಾಗಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತಡಕ್ಕೆ ಹೊಂದಿಸಿರುತ್ತಾರೆ. ಆ ಒತ್ತಡದಲ್ಲಿ ನೀರು 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಈ ಇಪ್ಪತ್ತು ಡಿಗ್ರಿಯ ವ್ಯತ್ಯಾಸವೇ ಒಂದು ತಾಸು ಕುದಿಯಬೇಕಾದ ಕಡಲೆಯನ್ನು ಕಾಲು ತಾಸಿನಲ್ಲಿ ಮೆತ್ತಗೆ ಮಾಡುತ್ತದೆ. ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಮೊದಲ ಒತ್ತಡದ ಪಾತ್ರೆ ಎಲುಬನ್ನು ಮೆತ್ತಗಾಗಿಸಲೆಂದೇ ಹುಟ್ಟಿದ್ದು. ಗಟ್ಟಿಯಾದದ್ದನ್ನು ಬೇಗ ಬೇಯಿಸುವುದು ಆ ಪಾತ್ರೆಯ ಹುಟ್ಟುಗುಣ. ಮೆತ್ತನೆಯ ಪದಾರ್ಥಗಳಲ್ಲಿ ಅದರಿಂದ ಉಳಿಯುವ ಸಮಯ ಅಲ್ಪ. ಹೀರೆಕಾಯಿ, ಮೆಂತ್ಯೆ ಸೊಪ್ಪು, ಎಳೆಯ ಬದನೆಕಾಯಿ ಇವುಗಳಿಗೆ ಬಾಣಲೆಯೇ ಸರಿ. ಎಣ್ಣೆಗಾಯಿಯನ್ನು ಕುಕ್ಕರಿನಲ್ಲಿ ಮಾಡಿದರೆ ಬದನೆಕಾಯಿ ಮಸಾಲೆಯನ್ನು ಹೀರಿಕೊಳ್ಳುವ ಮೊದಲೇ ಕರಗಿ ಹೋಗಿರುತ್ತದೆ.

ಅಳತೆ: ದೊಡ್ಡದು ಒಂದೋ, ಸಣ್ಣವು ಎರಡೋ

ಅಂಗಡಿಯಲ್ಲಿ ನಾಲ್ಕು ಜನರ ಮನೆ ಎಂದ ಕೂಡಲೇ 5 ಲೀಟರಿನದನ್ನು ಮುಂದೆ ಇಡುತ್ತಾರೆ. ಡಬ್ಬಿಗಳಲ್ಲಿ ಅನ್ನ, ಬೇಳೆ, ತರಕಾರಿ ಮೂರನ್ನೂ ಒಟ್ಟಿಗೆ ಬೇಯಿಸುವ ಮನೆಗೆ ಆ ಮಾತು ಸರಿಯಾದದ್ದೇ. ಕಾಳಿನ ಮನೆಗೆ ಲೆಕ್ಕ ಬೇರೆ. ಕುಕ್ಕರಿನ ಮೇಲೆ ಬರೆದ ಲೀಟರು ಅದರ ಪೂರ್ತಿ ಹೊಟ್ಟೆಯ ಅಳತೆ. ಸಾಮಾನ್ಯ ಅಡುಗೆಗೆ ಅದರ ಮೂರನೇ ಎರಡರಷ್ಟು, ನೊರೆ ಏಳುವ ಬೇಳೆ ಮತ್ತು ಉಬ್ಬುವ ಕಾಳು-ಅಕ್ಕಿಗೆ ಅರ್ಧದಷ್ಟು ಮಾತ್ರ ತುಂಬಬೇಕು. 3 ಲೀಟರಿನದರಲ್ಲಿ ಅರ್ಧವೆಂದರೆ ಒಂದೂವರೆ ಲೀಟರ್. ಒಂದು ವಾಟಿ ತೊಗರಿಬೇಳೆ, ಮೂರು ವಾಟಿ ನೀರು ಹಾಕಿದರೂ ಅದು ಒಂದು ಲೀಟರನ್ನು ದಾಟುವುದಿಲ್ಲ, ಮತ್ತು ಅಷ್ಟು ಬೇಳೆಯ ಸಾರು ನಾಲ್ಕು ಜನರಿಗೆ ಎರಡು ಹೊತ್ತಿಗೆ ಸಾಲುತ್ತದೆ. ಅದೇ ಬೇಳೆಯನ್ನು 5 ಲೀಟರಿನ ಅಗಲ ತಳದ ಮೇಲೆ ಹಾಕಿದರೆ ನೀರು ತೆಳುವಾಗಿ ಹರಡಿಕೊಂಡು, ಒತ್ತಡ ಕಟ್ಟುವ ಮೊದಲೇ ಒಂದಿಷ್ಟು ಆವಿಯಾಗಿ, ತಳ ಹತ್ತುವ ಭಯ ಇರುತ್ತದೆ. ಭಾರವಾದ ಪಾತ್ರೆಯನ್ನೂ ಖಾಲಿ ಜಾಗವನ್ನೂ ಬಿಸಿ ಮಾಡುವುದಕ್ಕೆ ಗ್ಯಾಸೂ ಸಮಯವೂ ಹೆಚ್ಚು ಬೇಕು.

ನಾಲ್ಕೈದು ಜನರ ಮನೆಗೆ ದಿನಬಳಕೆಗೆ 3 ಲೀಟರಿನದೊಂದು ಇರಲಿ ಎಂಬುದು ನನ್ನ ಸಲಹೆ. ನೆಂಟರು ಬಂದಾಗ, ಹಬ್ಬದ ದಿನ ಗೋಧಿ ಹುಗ್ಗಿ ಮಾಡುವಾಗ ಬೇಕಾಗುವ 5 ಅಥವಾ 7.5 ಲೀಟರಿನದನ್ನು ಆಮೇಲೆ, ಕೈಯಲ್ಲಿ ಹಣ ಕೂಡಿದಾಗ ಕೊಳ್ಳಬಹುದು. ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಓದುತ್ತಿರುವ ಒಬ್ಬಿಬ್ಬರಿಗೆ 2 ಲೀಟರ್ ಸಾಕು. ಇಬ್ಬರ ಊಟಕ್ಕೆ ಅವರು 5 ಲೀಟರಿನದನ್ನು ಕೊಂಡು ಪ್ರತಿದಿನ ತಿಕ್ಕುತ್ತ ಕೂರುವುದನ್ನು ಕಂಡಾಗ ಬೇಸರವಾಗುತ್ತದೆ.

ಮುಚ್ಚಳ: ಒಳಗೋ, ಹೊರಗೋ

ಭಾರತದಲ್ಲಿ ಕುಕ್ಕರಿನ ಎರಡು ದೊಡ್ಡ ಹೆಸರುಗಳಾದ ಹಾಕಿನ್ಸ್ ಮತ್ತು ಪ್ರೆಸ್ಟೀಜ್ ಎರಡೂ 1959ರಿಂದ ಈ ವ್ಯವಹಾರದಲ್ಲಿವೆ. ಮೊದಲನೆಯದು ಒಳಮುಚ್ಚಳಕ್ಕೆ, ಎರಡನೆಯದು ಹೊರಮುಚ್ಚಳಕ್ಕೆ ಹೆಸರಾದದ್ದು. ಒಳಮುಚ್ಚಳದ ಕುಕ್ಕರಿನಲ್ಲಿ ಮುಚ್ಚಳವನ್ನು ಓರೆಯಾಗಿ ಒಳಗೆ ಇಳಿಸಿ ಬಾಯಿಯ ಅಂಚಿಗೆ ಕೆಳಗಿನಿಂದ ತಾಗಿಸುತ್ತೇವೆ. ಒಳಗೆ ಒತ್ತಡ ಹೆಚ್ಚಿದಷ್ಟೂ ಆ ಒತ್ತಡವೇ ಮುಚ್ಚಳವನ್ನು ಅಂಚಿಗೆ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಹಬೆ ಪೂರ್ತಿ ಇಳಿಯುವವರೆಗೆ ಅದು ತೆರೆದುಕೊಳ್ಳುವುದಿಲ್ಲ. ಅವಸರದ ಮನೆಯಲ್ಲಿ ಇದು ದೊಡ್ಡ ರಕ್ಷಣೆ. ಹೊರಮುಚ್ಚಳದ್ದು ಮೇಲಿನಿಂದ ಕೂತು, ತಿರುಗಿಸಿದಾಗ ಪಾತ್ರೆಯ ಅಂಚಿನ ಹಲ್ಲುಗಳ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹಾಕುವುದು ಸುಲಭ, ಬಾಯಿ ಪೂರ್ತಿ ಅಗಲವಾಗಿರುವುದರಿಂದ ಡಬ್ಬಿಗಳು ಸರಾಗವಾಗಿ ಇಳಿಯುತ್ತವೆ, ತೊಳೆಯಲು ಕೈ ಎಲ್ಲ ಕಡೆ ತಲುಪುತ್ತದೆ.

ಕಾಳು-ಬೇಳೆಯನ್ನು ನೇರವಾಗಿ ಪಾತ್ರೆಯಲ್ಲೇ ಬೇಯಿಸಿ, ಅದರಲ್ಲೇ ಒಗ್ಗರಣೆ ಕೊಡುವವರಿಗೆ ಒಳಮುಚ್ಚಳದ 3 ಲೀಟರಿನದು ಒಳ್ಳೆಯದು. ಡಬ್ಬಿ ಇಡುವವರಿಗೆ, ಕೈಯ ಕೀಲು ನೋವಿರುವ ಹಿರಿಯರಿಗೆ ಹೊರಮುಚ್ಚಳದ್ದು. ಒಳಮುಚ್ಚಳವನ್ನು ಇಳಿಸಿ ತಿರುಗಿಸಿ ಎಳೆದು ಹಿಡಿಕೆಗೆ ಸಿಕ್ಕಿಸುವ ಕೈಚಳಕ ಎಲ್ಲರಿಗೂ ಒಗ್ಗುವುದಿಲ್ಲ. ನನ್ನ ಅತ್ತೆಯವರು ಎಂಬತ್ತರ ಹತ್ತಿರ ಬಂದಾಗ ಅದೊಂದೇ ಕಾರಣಕ್ಕೆ ಅಡುಗೆಮನೆಯಲ್ಲಿ ಇನ್ನೊಬ್ಬರ ಹಾದಿ ಕಾಯುವಂತಾಗಿತ್ತು. ಹೊರಮುಚ್ಚಳದ ಸಣ್ಣ ಕುಕ್ಕರ್ ತಂದ ಮೇಲೆ ತಮ್ಮ ಹೆಸರುಬೇಳೆಯನ್ನು ತಾವೇ ಮತ್ತೆ ಬೇಯಿಸಿಕೊಳ್ಳತೊಡಗಿದರು. ಆದ್ದರಿಂದ ಯಾರು ಬಳಸುತ್ತಾರೋ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ನಾಲ್ಕು ಸಲ ಮುಚ್ಚಿ ತೆರೆದು ನೋಡಿಸಿ.

ಲೋಹ: ಪುಂಡಿಪಲ್ಲೆಯ ಪರೀಕ್ಷೆ

ಅಲ್ಯೂಮಿನಿಯಂ ಶಾಖವನ್ನು ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಿಸುತ್ತದೆ. ಹಾಗಾಗಿ ಅದರ ಕುಕ್ಕರ್ ಬೇಗ ಬಿಸಿಯಾಗುತ್ತದೆ, ತಳದ ಎಲ್ಲ ಕಡೆ ಒಂದೇ ಸಮ ಬಿಸಿಯಾಗುತ್ತದೆ, ಹಗುರವಾಗಿರುತ್ತದೆ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಬೇಳೆ, ಕಾಳು, ಅಕ್ಕಿ, ಬಟಾಟೆ ಇಷ್ಟನ್ನೇ ಬೇಯಿಸುವ ಮನೆಗೆ ಅದರಲ್ಲಿ ದೋಷ ಹುಡುಕುವ ಕಾರಣವಿಲ್ಲ. ಆದರೆ ನಮ್ಮ ಅಡುಗೆಯಲ್ಲಿ ಹುಳಿ ಇದೆ.

ನಮ್ಮ ತಾಯಿಯ ಕಾಲದ ಅಲ್ಯೂಮಿನಿಯಂ ಕುಕ್ಕರಿನ ಒಳಮೈ ಬೋರಿನ ನೀರಿಗೆ ಕಪ್ಪಾಗಿತ್ತು. ಆ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಒಂದು ದಿನ ಅದರಲ್ಲಿ ಪುಂಡಿಪಲ್ಲೆ ಬೇಯಿಸಿದೆ: ಎರಡು ಸೂಡು ಪುಂಡಿ ಸೊಪ್ಪು, ಒಂದು ಹಿಡಿ ಜೋಳದ ನುಚ್ಚು, ಒಂದಿಷ್ಟು ಕಡಲೆಬೇಳೆ, ಹಸಿಮೆಣಸಿನಕಾಯಿ. ಪಲ್ಲೆಯನ್ನು ಬೇರೆ ಪಾತ್ರೆಗೆ ಬಗ್ಗಿಸಿ ನೋಡಿದಾಗ ಪಲ್ಲೆ ತಾಗಿದಷ್ಟು ಎತ್ತರದವರೆಗೆ ಕುಕ್ಕರಿನ ಒಳಮೈ ಹೊಸದರಂತೆ ಬೆಳ್ಳಗೆ ಹೊಳೆಯುತ್ತಿತ್ತು, ಅದರ ಮೇಲೆ ಗೆರೆ ಎಳೆದಂತೆ ಹಳೆಯ ಕಪ್ಪು ಉಳಿದಿತ್ತು. ಮೊದಲು ಸಂತೋಷವಾಯಿತು, ಆಮೇಲೆ ಆ ಕಪ್ಪು ಎಲ್ಲಿಗೆ ಹೋಯಿತು ಎಂದು ಯೋಚಿಸಿದೆ. ಪುಂಡಿಯ ಹುಳಿ ಲೋಹದ ಮೇಲಿನ ಪೊರೆಯನ್ನು ಕರಗಿಸಿತ್ತು, ಮತ್ತು ಕರಗಿದ್ದು ಪಲ್ಲೆಗೇ ಸೇರಿತ್ತು. ಒಂದು ಸಲದ ಊಟದಿಂದ ಯಾರಿಗೂ ಏನೂ ಆಗಲಿಲ್ಲ, ಆಗುವಂಥದ್ದೂ ಅಲ್ಲ. ಆದರೆ ವಾರಕ್ಕೊಮ್ಮೆ ಪುಂಡಿಪಲ್ಲೆ, ದಿನ ಬಿಟ್ಟು ದಿನ ಟೊಮೆಟೊ ಮತ್ತು ಹುಣಸೆಹುಳಿ ಬೀಳುವ ಪಾತ್ರೆ ಅಲ್ಯೂಮಿನಿಯಂ ಆಗಿರುವುದು ಬೇಡ ಎಂದು ಆ ದಿನ ತೀರ್ಮಾನಿಸಿದೆ.

ಸ್ಟೇನ್‌ಲೆಸ್ ಸ್ಟೀಲ್ ಹುಳಿಗೆ ಅಲುಗುವುದಿಲ್ಲ, ಗೀರಿದರೂ ಕೆಡುವುದಿಲ್ಲ, ಕಬ್ಬಿಣದ ನಾರಿನಿಂದ ತಿಕ್ಕಬಹುದು. ಅದರ ದೌರ್ಬಲ್ಯ ತಳದಲ್ಲಿದೆ. ಬರೀ ಸ್ಟೀಲಿನ ತೆಳು ತಳವಾದರೆ ಉರಿ ತಾಗಿದಲ್ಲಿ ಮಾತ್ರ ಕಾದು, ಅಲ್ಲೇ ಬೇಳೆ ಹತ್ತುತ್ತದೆ. ಅದಕ್ಕಾಗಿ ತಳದಲ್ಲಿ ಎರಡು ಸ್ಟೀಲಿನ ನಡುವೆ ಅಲ್ಯೂಮಿನಿಯಂ ತಟ್ಟೆಯನ್ನು ಬೆಸೆದಿರುವ ಕುಕ್ಕರನ್ನೇ ಕೊಳ್ಳಬೇಕು. ಪಾತ್ರೆಯ ಗೋಡೆಯಲ್ಲೂ ಅದೇ ಮೂರು ಪದರ ಇರುವ ಟ್ರೈಪ್ಲೈ ಇನ್ನೂ ಒಳ್ಳೆಯದು; ಒಗ್ಗರಣೆ, ಮಸಾಲೆ ಹುರಿಯುವುದು ಎಲ್ಲವನ್ನೂ ಅದರಲ್ಲೇ ಮಾಡುವವರಿಗೆ ಹೆಚ್ಚು ಕೊಟ್ಟ ಹಣ ಸಾರ್ಥಕ. ಬರೀ ಬೇಳೆ ಬೇಯಿಸುವವರಿಗೆ ಅಷ್ಟು ಬೇಕಿಲ್ಲ. ನಡುವಿನ ದಾರಿ ಹಾರ್ಡ್ ಆನೊಡೈಸ್ಡ್, ಅಂದರೆ ಅಲ್ಯೂಮಿನಿಯಂ ಮೇಲ್ಮೈಯನ್ನೇ ವಿದ್ಯುತ್ತಿನಿಂದ ಗಟ್ಟಿ ಆಕ್ಸೈಡ್ ಪದರವಾಗಿ ಬದಲಿಸಿದ ಕಪ್ಪು ಬಣ್ಣದ ಕುಕ್ಕರ್. ಶಾಖ ಅಲ್ಯೂಮಿನಿಯಂನಂತೆಯೇ ಹರಿಯುತ್ತದೆ, ಹುಳಿ ಬೇಗ ತಾಗುವುದಿಲ್ಲ. ಲೋಹದ ಸೌಟಿನಿಂದ ಕೆರೆಯುವ, ಒರಟು ನಾರಿನಿಂದ ತಿಕ್ಕುವ ಮನೆಯಲ್ಲಿ ಮಾತ್ರ ಅದರ ಬಣ್ಣ ಬೇಗ ಸವೆಯುತ್ತದೆ.

ಮನೆಯಲ್ಲಿ ಈಗಾಗಲೇ ಅಲ್ಯೂಮಿನಿಯಂ ಇದ್ದರೆ ಅದನ್ನು ಬಿಸಾಡುವ ಅಗತ್ಯವಿಲ್ಲ. ಬೇಳೆ ಬೆಂದ ಮೇಲೆ ಬೇರೆ ಪಾತ್ರೆಗೆ ಬಗ್ಗಿಸಿ ಅಲ್ಲಿ ಹುಣಸೆಹುಳಿ ಸೇರಿಸುವ ಹಳೆಯ ಪದ್ಧತಿಯನ್ನು ಬಿಡದಿದ್ದರೆ ಸಾಕು. ಆ ಪದ್ಧತಿಗೆ ಇನ್ನೊಂದು ಕಾರಣವೂ ಇದೆ: ಹುಳಿ ಬಿದ್ದ ಬೇಳೆ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಸ್ಟೀಲ್ ಕುಕ್ಕರಿನಲ್ಲೂ ಹುಣಸೆರಸವನ್ನು ಮೊದಲೇ ಹಾಕಬಾರದು.

ಒಲೆ: ಗ್ಯಾಸ್, ಇಂಡಕ್ಷನ್, ವಿದ್ಯುತ್ ಕುಕ್ಕರ್

ಗ್ಯಾಸಿನ ಮೇಲಿನ ಕುಕ್ಕರ್ ಇಂದಿಗೂ ವಿದ್ಯುತ್ ಕುಕ್ಕರಿಗಿಂತ ಬೇಗ ಬೇಯಿಸುವಂಥದ್ದು. ದೊಡ್ಡ ಉರಿಯ ಮೇಲೆ ಐದಾರು ನಿಮಿಷದಲ್ಲಿ ಮೊದಲ ಸೀಟಿ ಬರುತ್ತದೆ. ಇಲ್ಲಿಂದ ಮುಂದೆ ನಮ್ಮ ಬಹುತೇಕ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. ಸೀಟಿಗಳನ್ನು ಎಣಿಸುತ್ತೇವೆ, ನಿಮಿಷಗಳನ್ನಲ್ಲ. "ತೊಗರಿಬ್ಯಾಳಿಗೆ ನಾಕು ಸೀಟಿ, ಕಡ್ಲಿಗೆ ಎಂಟು" ಎಂಬ ಲೆಕ್ಕ ಒಂದು ಮನೆಯ ಉರಿಗೆ, ಒಂದು ಕುಕ್ಕರಿಗೆ ಹೊಂದಿದ್ದು. ಇನ್ನೊಂದು ಮನೆಯಲ್ಲಿ ಅದು ಸುಳ್ಳಾಗುತ್ತದೆ. ಸೀಟಿ ಹೇಳುವುದು ಇಷ್ಟೇ: ಒಳಗೆ ಬೇಕಾದ ಒತ್ತಡ ತುಂಬಿದೆ, ಇನ್ನು ಬರುವ ಹಬೆ ಹೆಚ್ಚುವರಿ. ಮೊದಲ ಸೀಟಿಗೆ ಉರಿ ಸಣ್ಣಗೆ ಮಾಡಿ, ಗಡಿಯಾರ ನೋಡಬೇಕು. ನನ್ನ ಮನೆಯಲ್ಲಿ ಅರ್ಧ ತಾಸು ನೆನೆದ ತೊಗರಿಬೇಳೆಗೆ ಆಮೇಲೆ 7 ನಿಮಿಷ, ರಾತ್ರಿ ನೆನೆದ ಹೆಸರುಕಾಳಿಗೆ 3 ರಿಂದ 4, ಮೊಳಕೆ ಬಂದ ಮಡಕಿಕಾಳಿಗೆ 2 ನಿಮಿಷವೂ ಹೆಚ್ಚು, ನೆನೆದ ಹುರುಳಿ ಮತ್ತು ಕಡಲೆಗೆ 15. ಆಮೇಲೆ ಒಲೆ ಆರಿಸಿ ಹತ್ತು ನಿಮಿಷ ಹಾಗೇ ಬಿಟ್ಟರೆ ಒಳಗಿನ ಬಿಸಿಯೇ ಉಳಿದದ್ದನ್ನು ಮುಗಿಸುತ್ತದೆ. ಹೀಗೆ ಮಾಡಿದಾಗ ರೊಟ್ಟಿ ಬಡಿಯುವವರು ನಡುವೆ ಎರಡೇ ಸಲ ಕೈ ಒರೆಸಿಕೊಳ್ಳಬೇಕಾಗುತ್ತದೆ, ಮುಚ್ಚಳದ ಮೇಲೆ ಬೇಳೆಯ ಕಟ್ಟು ಉಕ್ಕಿ ಒಲೆಯೆಲ್ಲ ಹಳದಿಯಾಗುವುದೂ ತಪ್ಪುತ್ತದೆ.

ಇಂಡಕ್ಷನ್ ಒಲೆಗೆ ಅಯಸ್ಕಾಂತ ಹಿಡಿಯುವ ತಳ ಬೇಕು. ಬರಿಯ ಅಲ್ಯೂಮಿನಿಯಂ ಅದರ ಮೇಲೆ ಕಾಯುವುದೇ ಇಲ್ಲ. ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಮೇಲೆ ಅಂಟಿಸಿದ ಒಂದು ಅಯಸ್ಕಾಂತವನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ ತಳಕ್ಕೆ ಹಚ್ಚಿ ನೋಡಿದರೆ ಯಾರ ಮಾತನ್ನೂ ನಂಬಬೇಕಾಗಿಲ್ಲ. 2000 ವಾಟ್ ಒಲೆಗೆ ಒಂಬತ್ತು ಆಂಪಿಯರಿನಷ್ಟು ವಿದ್ಯುತ್ ಹರಿಯುತ್ತದೆ; ಹಳೆಯ ಮನೆಗಳ ಸಣ್ಣ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಜೋಡಿಸಬಾರದು. ರೊಟ್ಟಿಗೆ ಗ್ಯಾಸಿನ ಒಂದು ಒಲೆ, ಪಲ್ಲೆಗೆ ಇನ್ನೊಂದು, ಕುಕ್ಕರಿಗೆ ಇಂಡಕ್ಷನ್ ಎಂದು ಹಂಚಿಕೊಂಡ ಮನೆಗಳಲ್ಲಿ ಬೆಳಗಿನ ಅಡುಗೆ ನಿಜಕ್ಕೂ ಬೇಗ ಮುಗಿಯುತ್ತದೆ.

ಇನ್ನು ಮೂರನೆಯದು, ಗುಂಡಿ ಒತ್ತಿ ಬಿಡುವ ವಿದ್ಯುತ್ ಒತ್ತಡದ ಕುಕ್ಕರ್. ಇದನ್ನು ಬೇಗ ಬೇಯಿಸುವ ಪಾತ್ರೆ ಎಂದು ಮಾರುತ್ತಾರೆ, ಅದು ಸರಿಯಲ್ಲ. ಇದರ ಒತ್ತಡ ಒಲೆಯ ಕುಕ್ಕರಿಗಿಂತ ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಒಳಗಿನ ಬಿಸಿಯೂ ಕೆಲವು ಡಿಗ್ರಿ ಕಡಿಮೆ. ಒತ್ತಡ ಕಟ್ಟಲು ಹತ್ತು-ಹದಿನೈದು ನಿಮಿಷ, ತಾನಾಗಿ ಇಳಿಯಲು ಮತ್ತಷ್ಟು ಹೊತ್ತು ಬೇಕು. ಗ್ಯಾಸಿನ ಮೇಲೆ ಇಪ್ಪತ್ತೈದು ನಿಮಿಷದಲ್ಲಿ ಆಗುವ ಬೇಳೆ ಇದರಲ್ಲಿ ನಲವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ಆ ನಲವತ್ತು ನಿಮಿಷದಲ್ಲಿ ಒಮ್ಮೆಯೂ ನಮ್ಮನ್ನು ಕೇಳುವುದಿಲ್ಲ. ಉರಿ ಸಣ್ಣಗೆ ಮಾಡಬೇಕಿಲ್ಲ, ಆರಿಸಬೇಕಿಲ್ಲ, ಒಲೆಯನ್ನೂ ಆಕ್ರಮಿಸುವುದಿಲ್ಲ. ರೊಟ್ಟಿಯ ಮನೆಗೆ ಇದು ಮೂರನೆಯ ಒಲೆ ಇದ್ದಂತೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ, ಮರೆವು ಶುರುವಾದ ಹಿರಿಯರೊಬ್ಬರೇ ಅಡುಗೆ ಮಾಡಿಕೊಳ್ಳುವ ಮನೆಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಖರ್ಚಿನ ಮಾತು ಹೇಳುವುದಾದರೆ, ಒಂದು ಸಲ ಬೇಳೆ ಬೇಯಿಸಲು 1000 ವಾಟಿನ ವಿದ್ಯುತ್ ಕುಕ್ಕರ್ ಮೂರನೇ ಒಂದು ಯೂನಿಟ್ಟಿನಷ್ಟು ತೆಗೆದುಕೊಳ್ಳುತ್ತದೆ. ದಿನಕ್ಕೊಮ್ಮೆ ಎಂದರೆ ತಿಂಗಳಿಗೆ ಸುಮಾರು ಹತ್ತು ಯೂನಿಟ್. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಎಲ್ಲ ಮನೆಗೂ ಸಿಗುವುದಿಲ್ಲ. ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪವೇ ಸೇರಿಸಿ ಉಚಿತದ ಮಿತಿಯನ್ನು ಗೊತ್ತುಮಾಡಿರುತ್ತಾರೆ. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಯ ಮಿತಿ ಎಷ್ಟು, ಬಳಕೆ ಎಷ್ಟು ಎಂಬುದನ್ನು ನೋಡಿಕೊಂಡು, ನಡುವೆ ಅಷ್ಟು ಜಾಗವಿದ್ದರೆ ವಿದ್ಯುತ್ ಕುಕ್ಕರ್ ಲಾಭದ್ದು. ಜಾಗವಿಲ್ಲದಿದ್ದರೆ ಸಣ್ಣ ಉರಿಯ ಗ್ಯಾಸೇ ಮೇಲು. ಸರಿಯಾಗಿ ಬಳಸಿದರೆ ಅಷ್ಟೇ ಬೇಳೆಗೆ 14.2 ಕಿಲೋದ ಸಿಲಿಂಡರಿನಿಂದ 30-40 ಗ್ರಾಂ ಮಾತ್ರ ಹೋಗುತ್ತದೆ. ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುವ ಹಳ್ಳಿಗಳಲ್ಲಿ ವಿದ್ಯುತ್ ಕುಕ್ಕರನ್ನು ಒಂದೇ ಆಧಾರವಾಗಿ ಇಟ್ಟುಕೊಳ್ಳಬೇಡಿ.

ನೀರು ಮತ್ತು ಕಾಳು ಮಾಡುವ ವ್ಯತ್ಯಾಸ

ಎಷ್ಟೇ ಒಳ್ಳೆಯ ಕುಕ್ಕರ್ ತಂದರೂ ಬೇಳೆ ಬೇಯದಿದ್ದರೆ ದೋಷ ನೀರಿನಲ್ಲಿರಬಹುದು. ಹುಬ್ಬಳ್ಳಿ-ಧಾರವಾಡದ ನಳಕ್ಕೆ ಮಲಪ್ರಭೆಯ ನೀರು ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯದಿಂದ ಬರುತ್ತದೆ, ಅದರಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಬೇಯುತ್ತದೆ. ನಳ ಬರದ ದಿನ ಬೋರಿನ ನೀರು ಹಾಕಿದರೆ ಅದೇ ಬೇಳೆ ಕಾಳುಕಾಳಾಗಿ ಉಳಿಯುತ್ತದೆ. ಗದಗ ಸೀಮೆಯಲ್ಲಿ ಇದು ಹೊಸ ಮಾತಲ್ಲ. "ಸವಳು ನೀರಾಗ ಬ್ಯಾಳಿ ಬೇಯಂಗಿಲ್ಲ" ಎಂದು ಅಲ್ಲಿ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಗಡಸು ನೀರಿನ ಸುಣ್ಣದ ಅಂಶ ಕಾಳಿನ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟಿಗೆ ಕೂಡಿಕೊಂಡು ಅದನ್ನು ಕರಗದಂತೆ ಮಾಡುತ್ತದೆ. ಕಾಳು ನೆನೆಸುವ ಮತ್ತು ಬೇಯಿಸುವ ನೀರಿಗೆ ಮಾತ್ರ ನಳದ ಅಥವಾ ಶುದ್ಧೀಕರಣ ಘಟಕದ ನೀರನ್ನು ತೆಗೆದಿಡುವುದು ಇದಕ್ಕೆ ಸರಿಯಾದ ಪರಿಹಾರ. ಚಿಟಿಕೆ ಸೋಡಾ ಹಾಕಿದರೆ ಬೇಳೆ ಬೇಗ ಬೇಯುವುದು ನಿಜ, ಆದರೆ ಅದು ಬೇಳೆಯಲ್ಲಿರುವ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ, ರುಚಿಯೂ ಕೆಡುತ್ತದೆ. ಇಂಥ ನೀರಿನ ಊರಿನಲ್ಲಿ ಒಲೆಯ ಕುಕ್ಕರಿಗೆ ಇನ್ನೊಂದು ಅಂಕ ಹೆಚ್ಚು, ಏಕೆಂದರೆ ಅದರ ಒತ್ತಡ ಹೆಚ್ಚು; ಹಟ ಹಿಡಿದ ಕಾಳನ್ನು ಅದು ಮಣಿಸುವಷ್ಟು ಬೇಗ ವಿದ್ಯುತ್ ಕುಕ್ಕರ್ ಮಣಿಸುವುದಿಲ್ಲ.

ಕಾಳಿನ ವಯಸ್ಸೂ ಮುಖ್ಯ. ನಮ್ಮ ಕಡೆ ಹೆಸರು ಮುಂಗಾರಿನ ಬೆಳೆ, ಶ್ರಾವಣ-ಭಾದ್ರಪದದ ಹೊತ್ತಿಗೆ ಕೈಗೆ ಬರುತ್ತದೆ. ಆ ಹೊಸ ಹೆಸರು ನೆನೆಸದೆಯೂ ಬೇಯುತ್ತದೆ. ಅದೇ ಕಾಳು ಬೇಸಿಗೆಯ ಬಿಸಿಯನ್ನು ದಾಟಿ ಮುಂದಿನ ಮಳೆಗಾಲಕ್ಕೆ ಬಂದಾಗ ನಿಮಿಷಗಳನ್ನು ಹೆಚ್ಚು ಮಾಡಬೇಕಾಗುತ್ತದೆ.

ಕುಕ್ಕರನ್ನು ಬದಿಗಿಡಬೇಕಾದ ಕಡೆಗಳೂ ಇವೆ. ಹೋಳಿಗೆಯ ಹೂರಣಕ್ಕೆ ಕಡಲೆಬೇಳೆ ಬೆರಳಿನಲ್ಲಿ ಒತ್ತಿದರೆ ಪುಡಿಯಾಗಬೇಕು, ಆದರೆ ನೀರಿನಲ್ಲಿ ಒಡೆದು ಹರಡಬಾರದು. ಒತ್ತಡದಲ್ಲಿ ಆ ಎರಡರ ನಡುವಿನ ಅಂತರ ಒಂದೆರಡು ನಿಮಿಷದ್ದು, ಮತ್ತು ಮುಚ್ಚಳ ತೆರೆದು ನೋಡುವಂತಿಲ್ಲ. ತಪ್ಪಿದರೆ ಬೇಳೆ ಒಡೆದು ಕಟ್ಟಿನಲ್ಲಿ ಕಲೆಯುತ್ತದೆ. ಆಗ ಕಟ್ಟಿನ ಸಾರು ಗಟ್ಟಿ, ಹೂರಣ ನೀರು. ತೆರೆದ ಪಾತ್ರೆಯಲ್ಲಿ ಧಾರಾಳ ನೀರಿನಲ್ಲಿ ಕುದಿಸಿ, ಸೌಟಿನಿಂದ ಎತ್ತಿ ಎತ್ತಿ ನೋಡಿ, ಕಟ್ಟು ಬಸಿಯುವುದಕ್ಕೆ ಸಾಟಿ ಇಲ್ಲ. ಗೋಧಿ ಹುಗ್ಗಿಗೆ ಮಾತ್ರ ಇದರ ಉಲ್ಟಾ: ರಾತ್ರಿ ನೆನೆಸಿದ ಕುಟ್ಟಿದ ಗೋಧಿಯನ್ನು ಕುಕ್ಕರಿನಲ್ಲೇ ಬೇಯಿಸಿ, ಪೂರ್ತಿ ಅರಳಿದ ಮೇಲೆ ತೆರೆದ ಪಾತ್ರೆಯಲ್ಲಿ ಬೆಲ್ಲ ಹಾಕಿ. ಬೆಲ್ಲ ಮೊದಲೇ ಬಿದ್ದರೆ ಗೋಧಿ ಬೇಯುವುದು ನಿಲ್ಲುತ್ತದೆ, ತಳವೂ ಹತ್ತುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

2021ರ ಫೆಬ್ರವರಿ 1ರಿಂದ ದೇಶದಲ್ಲಿ ಮಾರುವ ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಐಎಸ್ 2347 ಎಂಬ ಸಂಖ್ಯೆ ಆ ಗುರುತಿನ ಮೇಲೆ ಇರಬೇಕು. ಗುರುತು ಡಬ್ಬದ ಮೇಲೆ ಇದ್ದರೆ ಸಾಲದು, ಪಾತ್ರೆಯ ಮೈಮೇಲೂ ಒತ್ತಿರಬೇಕು. ದುರ್ಗದಬೈಲಿನ ಅಂಗಡಿಯಾಗಲಿ, ಧಾರವಾಡದ ಸುಭಾಸ ರಸ್ತೆಯದಾಗಲಿ, ಮನೆಗೆ ತರಿಸುವ ಆನ್‌ಲೈನ್ ಸರಕಾಗಲಿ, ಇದರಲ್ಲಿ ರಿಯಾಯಿತಿ ಬೇಡ.

ಕೊಳ್ಳುವ ಮೊದಲೇ ಇನ್ನೊಂದು ಪ್ರಶ್ನೆ ಕೇಳಿ: ಇದರ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಈ ಊರಿನಲ್ಲಿ ಸಿಗುತ್ತವೆಯೇ? ಕೆಲವು ವರ್ಷಗಳ ಹಿಂದೆ ಗ್ಯಾಸ್ಕೆಟ್ ಸಡಿಲವಾದಾಗ, ಅಳತೆ ಒಂದೇ ಎಂಬ ಮಾತು ನಂಬಿ ಬೇರೆ ಕಂಪನಿಯ ರಬ್ಬರನ್ನು ನಾನು ತಂದಿದ್ದೆ. ಮುಚ್ಚಳ ಕೂತಂತೆ ಕಾಣುತ್ತಿತ್ತು. ಹಿಡಿಕೆಯ ಬದಿಯಿಂದ ಸಣ್ಣಗೆ ಹಬೆ ಸೋರುತ್ತಲೇ ಇತ್ತು, ಒತ್ತಡ ಕಟ್ಟಲಿಲ್ಲ, ಸೀಟಿ ಬರಲಿಲ್ಲ. ನಾನು ಸೀಟಿಗಾಗಿ ಕಾಯುತ್ತ ರೊಟ್ಟಿ ಬಡಿಯುತ್ತಲೇ ಇದ್ದೆ. ನೀರೆಲ್ಲ ಆವಿಯಾಗಿ ಬೇಳೆ ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು. ಆ ದಿನ ಸೇಫ್ಟಿ ವಾಲ್ವಿನ ಬೆಸುಗೆ ಕರಗಿ ಬಾಯಿ ಬಿಟ್ಟಿತ್ತು. ಅದು ಇದ್ದದ್ದೇ ಅದಕ್ಕಾಗಿ, ನೀರು ಒಣಗಿ ಕುಕ್ಕರ್ ಮಿತಿಮೀರಿ ಕಾದಾಗ ಕರಗಿ ದಾರಿ ಬಿಡುವುದಕ್ಕಾಗಿ. ಅಂದಿನಿಂದ ಅದೇ ಕಂಪನಿಯ ಗ್ಯಾಸ್ಕೆಟ್ ಒಂದು, ವಾಲ್ವ್ ಒಂದು ಯಾವಾಗಲೂ ಮನೆಯ ಡಬ್ಬಿಯಲ್ಲಿ ಇರುತ್ತವೆ. ರಬ್ಬರು ಗಟ್ಟಿಯಾದರೆ, ಬಿರುಕು ಬಿಟ್ಟರೆ, ಇಲ್ಲವೇ ವರ್ಷವಾದರೆ ಬದಲಿಸುತ್ತೇನೆ. ಪ್ರತಿ ಸಲ ಮುಚ್ಚುವ ಮೊದಲು ಸೀಟಿ ತೆಗೆದು, ಹಬೆಯ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ಕಾಣುತ್ತದೆಯೇ ನೋಡುತ್ತೇನೆ. ಬೇಳೆಯ ಸಿಪ್ಪೆ, ಸವಳು ನೀರಿನ ಬಿಳಿ ಪುಡಿ ಅಲ್ಲೇ ಕೂರುವುದು.

ಹಳೆಯ ಕುಕ್ಕರನ್ನೇ ಮುಂದುವರಿಸಬೇಕೇ ಎಂದು ಯೋಚಿಸುವವರು ಅದನ್ನು ಕಡಪಾ ಕಲ್ಲಿನ ಕಟ್ಟೆಯ ಮೇಲೆ ಖಾಲಿ ಇಟ್ಟು ಬೆರಳಿನಿಂದ ಒಂದು ಬದಿಯನ್ನು ಒತ್ತಿ ನೋಡಲಿ. ತಳ ಉಬ್ಬಿ ಬುಗುರಿಯಂತೆ ತೂಗಾಡಿದರೆ, ಇಲ್ಲವೇ ಬಾಯಿಯ ಅಂಚು ಬಡಿದು ತಗ್ಗಾಗಿದ್ದರೆ ಹೊಸ ರಬ್ಬರಿನಿಂದ ಅದು ಸರಿಹೋಗುವುದಿಲ್ಲ. ತಳ ಸಮವಾಗಿ ಕೂತು, ಹಿಡಿಕೆಯ ತಿರುಪು ಗಟ್ಟಿಯಾಗಿದ್ದು, ಕಂಪನಿಯ ಬಿಡಿಭಾಗ ಊರಿನಲ್ಲಿ ಸಿಗುವಂತಿದ್ದರೆ ಹೊಸದಕ್ಕೆ ಹಣ ಹಾಕದೆ, ಆ ಹಣದಲ್ಲಿ ಹುಳಿಯ ಪಲ್ಲೆಗಳಿಗಾಗಿ ಒಂದು ಸಣ್ಣ ಸ್ಟೀಲ್ ಕುಕ್ಕರ್ ತನ್ನಿ.